ಚಂದ್ರವ್ವನ ಮಣ್ಣು

ಹೇಸ್, ಲಂಡನ್
ಮಂಗಳವಾರ, ೧೮ ಮಾರ್ಚ್ ೨೦೨೫

ಡಾಕ್ಟರ್ ರುದ್ರೇಶ ಅವರಿಗೆ, ಹೇಸ್ ಮನೆಯಿಂದ ಕಲ್ಯಾಣಿಯ ಶರಣು.

ಗಂಡನಿಗೆ ಡಾಕ್ಟರ್ ಅಂತ ಬರೆಯುತ್ತಾಳಲ್ಲ ಎಂದು ಹುಬ್ಬು ಏರಿಸಬೇಡಿ. ನೀವು ಗ್ಲಾಸ್ಗೋಗೆ ಹೋಗಿ ಎಂಟು ವರ್ಷವಾಯಿತು. ಬ್ಯಾಂಕಿನವರು, ಕೌನ್ಸಿಲ್‌ನವರು ಇನ್ನೂ ಈ ವಿಳಾಸಕ್ಕೇ ನಿಮಗೆ ಬರೆಯುತ್ತಾರೆ. ಲಕೋಟೆಯ ಮೇಲೆ ಅಲ್ಲಿಯ ವಿಳಾಸ ಗೀಚಿ ಮತ್ತೆ ಡಬ್ಬಿಗೆ ಹಾಕುವುದು ನನ್ನ ಕೆಲಸ. ನಿಮ್ಮ ಹೆಸರು ನನ್ನ ಕಣ್ಣಿಗೆ ಹಾಗೇ ಕೂತುಬಿಟ್ಟಿದೆ.

ಫೋನು ಮಾಡಿದರೆ ವಾರ್ಡಿನಲ್ಲಿದ್ದೇನೆ ಅನ್ನುತ್ತೀರಿ. ವಾಟ್ಸಾಪಿನಲ್ಲಿ ಹಾಕಿದರೆ ಒಂದು ಹೆಬ್ಬೆಟ್ಟು ಎತ್ತಿ ತೋರಿಸಿ ಸುಮ್ಮನಾಗುತ್ತೀರಿ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಸಹಿ ಹಾಕಿಯೇ ತೆಗೆದುಕೊಳ್ಳಬೇಕಾದ ಟಪಾಲಿಗೆ ಕೊಡುತ್ತೇನೆ, ನಾಳೆ ಮಧ್ಯಾಹ್ನದೊಳಗೆ ನಿಮ್ಮ ಕೈಯಲ್ಲಿರುತ್ತದೆ.

ವಿಷಯ ಒಂದೇ. ಅತ್ತೆಯನ್ನು ಸುಡಕೂಡದು. ಮಣ್ಣು ಮಾಡಬೇಕು. ಶುಕ್ರವಾರಕ್ಕೆ ನೀವು ಗೊತ್ತು ಮಾಡಿಸಿದ ಕ್ರೆಮಟೋರಿಯಂ ಅನ್ನು ನೀವೇ ರದ್ದು ಮಾಡಿಸಬೇಕು. ನಾನು ಪ್ರಯತ್ನ ಮಾಡಿ ನೋಡಿದೆ. ಫ್ಯೂನರಲ್ ಆಫೀಸಿನ ಹೆಂಗಸು ಒಳ್ಳೆಯವಳೇ, ನನ್ನ ಮುಂದೆ ನೀರಿಟ್ಟು, ಟಿಶ್ಯೂ ಡಬ್ಬಿ ಇಟ್ಟು, ಮಗ ಹೇಳಿದ್ದನ್ನು ಮಗನೇ ಬದಲಿಸಬೇಕು ಅಂದಳು. ಅತ್ತೆಗೆ ಅನ್ನ ತಿನ್ನಿಸಿದ್ದು, ಮೈ ತೊಳೆದದ್ದು, ಹಗಲು ರಾತ್ರಿ ಮಗ್ಗುಲು ಬದಲಿಸಿದ್ದು ಸೊಸೆ. ಆದರೆ ಕಾನೂನಿನ ಮುಂದೆ ಸೊಸೆ ನೆರೆಮನೆಯವಳಿಗಿಂತ ಒಂದು ಕೂದಲು ಹೆಚ್ಚಲ್ಲ.

ತಪ್ಪು ಎಲ್ಲಿ ಆಯಿತು ಅಂತ ನಿಮಗೂ ಗೊತ್ತು. ಅತ್ತೆ ತೀರಿಕೊಂಡ ಮರುದಿನ ನೀವು ಬೆಳಗಿನ ವಿಮಾನಕ್ಕೆ ಬಂದು ಸಂಜೆಯ ವಿಮಾನಕ್ಕೆ ಹೋದಿರಿ. ನಾನು ಆಸ್ಪತ್ರೆಯಿಂದ ಅತ್ತೆಯ ಸೀರೆ, ಕನ್ನಡಕ, ಹಲ್ಲಿನ ಸೆಟ್ಟು ತರಲು ಹೋಗಿದ್ದೆ. ಅಷ್ಟರಲ್ಲಿ ನೀವು ಆ ಆಫೀಸಿನಲ್ಲಿ ಕೂತು ಎಲ್ಲ ಮುಗಿಸಿದ್ದಿರಿ. ಧರ್ಮ ಯಾವುದು ಅಂತ ಆಕೆ ಕೇಳಿದಳು, ಹಿಂದೂ ಅಂದಿರಿ. ಹಿಂದೂಗಳಿಗೆ ಅಂತ ಆಕೆಯ ಹತ್ತಿರ ಸಿದ್ಧವಿದ್ದದ್ದು ಒಂದೇ ಏರ್ಪಾಡು. ತುಪ್ಪ, ತೆಂಗಿನಕಾಯಿ, ಬಾಟಲಿಯಲ್ಲಿ ಗಂಗಾಜಲ, ಕೊನೆಗೆ ಬೆಂಕಿ. ಲಿಂಗಾಯತರು ಸುಡುವುದಿಲ್ಲ, ಹೂಳುತ್ತಾರೆ, ಅದೂ ಕೂರಿಸಿ ಹೂಳುತ್ತಾರೆ ಅಂತ ಹೇಸ್‌ನ ಹೆಂಗಸಿಗೆ ಯಾಕೆ ಗೊತ್ತಿರಬೇಕು? ಗೊತ್ತಿದ್ದವರು ನೀವು. ನಿಮ್ಮ ಅಪ್ಪನ ಗುಂಡಿಗೆ ಇಳಿದು ಅವರ ಎಡಗೈಯಲ್ಲಿ ಲಿಂಗ ಇಟ್ಟವರು ನೀವು. ಆಮೇಲಾದರೂ ತಿದ್ದಬಹುದಿತ್ತು. ತಿದ್ದಲಿಲ್ಲ. ಇದೇ ಸಲೀಸು, ಇರಲಿ ಬಿಡು ಅಂದಿರಿ.

ನನ್ನನ್ನು ಭಕ್ತೆ ಅಂದುಕೊಳ್ಳಬೇಡಿ. ನಾನು ಲಿಂಗ ಬಿಚ್ಚಿಟ್ಟು ಎಷ್ಟು ಕಾಲವಾಯಿತು ಅಂತ ನಿಮಗೆ ಗೊತ್ತು. ಅತ್ತೆ ಅದಕ್ಕೆ ನನ್ನ ಜೊತೆ ಒಂದು ತಿಂಗಳು ಮಾತು ಬಿಟ್ಟಿದ್ದರು. ನನ್ನ ತಕರಾರು ದೇವರದಲ್ಲ. ನಮ್ಮ ಹಿರಿಯರು ಬೆಂಕಿಯನ್ನೂ ಬೆಂಕಿಗೆ ಮಂತ್ರ ಹೇಳುವವರನ್ನೂ ಒಟ್ಟಿಗೇ ಬಿಟ್ಟು ಬಂದವರು. ಅದಕ್ಕಾಗಿ ಏಟು ತಿಂದವರು. ಅವರ ಮನೆಯ ಹೆಣ್ಣುಮಗಳನ್ನು, ಯಾರೋ ಕೇಳಿದ ಪ್ರಶ್ನೆಗೆ ಕೊಟ್ಟ ಅವಸರದ ಉತ್ತರಕ್ಕೋಸ್ಕರ, ಒಲೆಗೆ ತಳ್ಳಬೇಕೆ?

ವೆಂಬ್ಲಿಯ ಶೇಖರಪ್ಪನವರು ಮಾತಾಡಿಸಲು ಬಂದಿದ್ದರು. ಸಂಘದ ಹಿರಿಯರು, ಹಾಗಾಗಿ ತೀರ್ಪು ಕೊಡುವುದು ಅವರ ಹಕ್ಕು.

"ಅಕ್ಕಾರ, ಈ ದೇಶದಾಗ ನಮ್ಮ ಮಂದಿ ಎಲ್ಲಾರೂ ಸುಡೂದ ರೀ. ನಾಳಿ ನನ್ನೂ ಸುಡತಾರ. ಬೂದಿ ಒಯ್ದು ಕೂಡಲಸಂಗಮದಾಗ ಬಿಟ್ರ ಮುಗೀತು" ಅಂದರು.

"ನಿಮ್ಮನ್ನ ಸುಡಲಿ ಬಿಡ್ರಿ, ನೀವು ಹೂಂ ಅಂದೀರಿ. ನಮ್ಮತ್ತಿ ಹೂಂ ಅಂದಿಲ್ಲ" ಅಂದೆ.

"ಬಾಳ ಖಾರ ಇದ್ದೀರಿ ನೀವು."

"ಚಹಾಕ್ಕ ಸಕ್ರಿ ಹಾಕೀನಲ್ರೀ, ಕುಡೀರಿ."

ಕುಡಿದು ಎದ್ದು ಹೋದರು.

ಅತ್ತೆ ಏನು ಬೇಕು ಅಂದಿದ್ದರು ಅಂತ ನಿಮಗೆ ಹೇಳಬೇಕು. ನೀವು ಅವರನ್ನು ಕೇಳಲೇ ಇಲ್ಲ. ಹೋದ ದೀಪಾವಳಿ ಮುಗಿದ ಮೇಲೆ, ಒಂದು ದಿನ ಸ್ನಾನ ಮಾಡಿಸಿ ತಲೆ ಒರೆಸುತ್ತಿದ್ದೆ. "ಇಲ್ಲೇ ಸತ್ರ ನನ್ನ ಏನ್ ಮಾಡ್ತೀಯೇ ಕಲ್ಯಾಣಿ?" ಅಂದರು. ನೀವು ಹೆಂಗ ಅಂತೀರಿ ಹಂಗ ಅಂದೆ. "ಕುಂದ್ರಿಸಿ ಮಣ್ಣ ಮಾಡ್ರಿ. ಹುಟ್ಟಿದಾಗಿಂದ ಕುಂತಾಕಿ ಅಲ್ಲ ನಾ. ಹೊಲ ಆತು, ಮನಿ ಆತು, ನಿನ್ನ ಗಂಡನ ಸಾಲಿ ಆತು. ಸತ್ತಮ್ಯಾಲಾದ್ರೂ ಕುಂದ್ರತೀನಿ."

ನಾನು ಸ್ಮಶಾನ ನೋಡಿಕೊಳ್ಳುವ ಕೌನ್ಸಿಲ್‌ಗೆ ಫೋನು ಮಾಡಿ ಕೇಳಿದೆ. ಕೂರಿಸಲು ಆಗುವುದಿಲ್ಲ, ಪೆಟ್ಟಿಗೆಯಲ್ಲಿ ಮಲಗಿಸಿಯೇ ಆಗಬೇಕು ಅಂದರು. ಹೇಗೆ ಹೇಳುವುದೋ ಅಂತ ಎರಡು ದಿನ ಮುಂದೂಡಿದೆ. ಹೇಳಿದಾಗ ಅತ್ತೆ ನಕ್ಕರು. "ಹೋಗ್ಲಿ, ಮಲಗಸ್ರಿ. ಮಲಗಿದ್ದೂ ಕಡಿಮಿನ. ಖರೇ ಸುಡಬ್ಯಾಡ್ರವ್ವ. ಒಲಿ ಮುಂದ ಸುಟಗೊಂಡದ್ದು ಸಾಕಾಗ್ಯದ ನನಗ."

ಇದಕ್ಕೆ ಸಾಕ್ಷಿ ನಾನೊಬ್ಬಳೇ. ಬೇರೆ ಯಾರೂ ಆ ಕೋಣೆಯಲ್ಲಿ ಇರಲಿಲ್ಲ. ಯಾವತ್ತೂ ಇರಲಿಲ್ಲ.

ಶನಿವಾರದ ಮಾತಿಗೆ ಬರುತ್ತೇನೆ. ಎದುರೆದುರು ಕೂತು ಮಾತಾಡೋಣ, ನೀನೇ ಬಾ, ನನಗೆ ರಜೆ ಇಲ್ಲ ಅಂದಿರಿ. ಸರಿ ಅಂತ ಬೆಳಿಗ್ಗೆ ಎಲಿಜಬೆತ್ ಲೈನು ಹಿಡಿದು, ಯೂಸ್ಟನ್ನಿನಿಂದ ರೈಲು ಹತ್ತಿ ಬಂದೆ. ನೀವು ಸ್ಟೇಶನ್ನಿನಲ್ಲಿ ನಿಂತಿದ್ದಿರಿ. ತೆಳ್ಳಗಾಗಿದ್ದೀರಿ. ಕೋಟಿನ ಮೇಲಿನ ಗುಂಡಿ ಕಿತ್ತುಹೋಗಿತ್ತು. "ಏನರ ತಿಂದಿಯೇನು?" ಅಂದಿರಿ, ತಿಂದೀನಿ ಅಂದೆ. "ನಡಿ, ಒಂದ ಜಾಗಾ ತೋರಸ್ತೀನಿ" ಅಂದಿರಿ. ಮನೆ ತೋರಿಸುತ್ತೀರಿ ಅಂದುಕೊಂಡೆ. ಎಂಟು ವರ್ಷದಲ್ಲಿ ನಾನು ನಿಮ್ಮ ಮನೆ ನೋಡಿಲ್ಲ. ನೀವು ಕರೆದುಕೊಂಡು ಹೋದದ್ದು ಸ್ಮಶಾನಕ್ಕೆ.

ಚಂದದ ಗುಡ್ಡ, ಸುಳ್ಳು ಹೇಳುವುದಿಲ್ಲ. ಹಳೆಯ ದೊಡ್ಡ ಚರ್ಚಿನ ಹಿಂದೆ ಊರಿಗೆ ಊರೇ ಕಲ್ಲಾಗಿ ಮೇಲೆದ್ದ ಹಾಗೆ. ದಾಟಿ ಹೋಗುವ ಸೇತುವೆಗೆ ನಿಟ್ಟುಸಿರಿನ ಸೇತುವೆ ಅನ್ನುತ್ತಾರೆ, ಕೆಳಗೆ ಹಿಂದೆ ಹಳ್ಳ ಹರಿಯುತ್ತಿತ್ತು, ಈಗ ರಸ್ತೆ ಅಂದಿರಿ. ಮೊದಲು ಹೂಳಿದ್ದು ಒಬ್ಬ ಯಹೂದಿಯನ್ನು, ಕಾಲರಾದಲ್ಲಿ ಸತ್ತವನು ಅಂತ ಕೆಳಗಿನ ಮೂಲೆ ತೋರಿಸಿದಿರಿ. ತಮ್ಮವರನ್ನು ತಮ್ಮ ಪದ್ಧತಿಯಂತೆ ಹೂಳಲು ಅವರ ಜನ ಆ ಮೂಲೆಯನ್ನು ಮುಂಚೆಯೇ ಕೇಳಿ ಪಡೆದಿದ್ದರಂತೆ. ಹಿಡಿಯಷ್ಟು ಜನ, ಪರದೇಶ, ಸುತ್ತ ಬೇರೆ ಧರ್ಮ. ಆದರೂ ಬಾಯಿಬಿಟ್ಟು ಕೇಳಿದರು. ಇದನ್ನು ನೀವೇ ವಿವರಿಸಿ ಹೇಳಿದಿರಿ, ಹೇಳುವಾಗ ನಿಮಗೆ ಏನೂ ಚುಚ್ಚಲಿಲ್ಲವೇ ಅಂತ ನಾನು ನಿಮ್ಮ ಮುಖ ನೋಡುತ್ತಿದ್ದೆ.

ತುದಿಯ ಕಂಬ ಒಬ್ಬ ಧರ್ಮಸುಧಾರಕನದು, ಅವನ ಹೆಣ ಮಾತ್ರ ಅಲ್ಲಿಲ್ಲ ಅಂದಿರಿ. ಬ್ಲೀಚಿಂಗ್ ಪುಡಿಯ ಕಾರ್ಖಾನೆ ಕಟ್ಟಿದ ಸಾಹುಕಾರ ಕುರ್ಚಿಯಲ್ಲಿ ಕೂತಿದ್ದಾನೆ, ಅಮೃತಶಿಲೆಯಲ್ಲಿ. ಊಟ ಜಾಸ್ತಿಯಾದವನ ಹಾಗೆ ಒಂದು ಕಡೆ ವಾಲಿಕೊಂಡು ಕೂತಿದ್ದಾನೆ. ಅವನ ಚಿಮಣಿಯ ಹೊಗೆ ಕುಡಿದು ಕೆಮ್ಮಿದವರ ಒಂದು ಕಲ್ಲಾದರೂ ಇದೆಯೇ ಅಂತ ಕೇಳಿದೆ. "ನಿನಗ ಎಲ್ಲಿ ಹೋದ್ರೂ ಅದ ಚಿಂತಿ" ಅಂದಿರಿ. ಹೌದು, ಅದೇ ಚಿಂತೆ. ಒಂದು ಕಾಲಕ್ಕೆ ನಿಮಗೂ ಅದೇ ಚಿಂತೆ ಇತ್ತು.

ಆಮೇಲೆ ಆ ಗುಮ್ಮಟದಂಥದ್ದು. ಕೋಟೆಯ ಬುರುಜಿನಷ್ಟು ದಪ್ಪ, ಸುತ್ತ ಕೆತ್ತಿದ ಮುಖಗಳು, ಹೆಸರು ಮಾತ್ರ ಎಲ್ಲೂ ಇಲ್ಲ. ಕಂಪನಿ ಸೈನ್ಯದ ಮೇಜರನದು. ನಮ್ಮ ಕಡೆಯ ಯಾವನೋ ರಾಜನ ಆನೆ ಇವನ ಕೈಗೆ ಸಿಕ್ಕಿತ್ತು, ಆನೆಯ ಮೇಲಿದ್ದ ಒಡವೆಯಿಂದ ಶ್ರೀಮಂತನಾದ ಅಂತ ಜನ ಆಡಿಕೊಳ್ಳುತ್ತಾರೆ ಅಂದಿರಿ. ಆ ಕಥೆ ನಿಜವೋ ಕಟ್ಟಿದ್ದೋ ನನಗೆ ಗೊತ್ತಿಲ್ಲ. ನೀವು ಅದನ್ನು ನಗುತ್ತ, ಕೆತ್ತನೆಯ ಕುಸುರಿ ತೋರಿಸುತ್ತ ಹೇಳಿದಿರಿ. ಈ ದೇಶದವನು ನಮ್ಮಲ್ಲಿ ಬಂದು ದೋಚಿಕೊಂಡು ಹೋಗಿ ಬುರುಜಿನಲ್ಲಿ ಮಲಗುತ್ತಾನೆ. ನಿಮ್ಮ ಅವ್ವ ಹೊಲ ಮಾರಿ ಮಗನನ್ನು ಓದಿಸಿದರು, ಆ ಮಗ ಈ ದೇಶದ ರೋಗಿಗಳಿಗೆ ಔಷಧ ಕೊಟ್ಟು ಕೂದಲು ಬೆಳ್ಳಗೆ ಮಾಡಿಕೊಂಡ. ಆ ಅವ್ವನಿಗೆ ಇಲ್ಲಿ ಹೆಣ ಹಿಡಿಸುವಷ್ಟು ನೆಲ ಕೇಳಲು ಮಗನಿಗೆ ಸಂಕೋಚ.

ನೆನಪಿದೆಯೇ, ನಮ್ಮ ತಾಲೂಕು ಕಚೇರಿಯ ಮುಂದೆ ಕೂತದ್ದು? ಕೇರಿಯ ಮುದುಕಿಯ ಹೆಣವನ್ನು ಹೊಲದವರು ಹಾಯಲು ಬಿಡಲಿಲ್ಲ ಅಂತ, ಹೆಣ ಇಟ್ಟುಕೊಂಡೇ ಕೂತೆವು. ನೀವು ಮೆಡಿಕಲ್ ಓದುತ್ತಿದ್ದ ಹುಡುಗ, ಕೈಗೆ ಹಲಗೆ ತೆಗೆದುಕೊಂಡು ಬಾರಿಸಿದಿರಿ. ಸತ್ತವರಿಗೆ ಜಾಗ ಕೇಳುವುದು ಭಿಕ್ಷೆಯಲ್ಲ ಅಂತ ಗಂಟಲು ಹರಿಯುವ ಹಾಗೆ ಕೂಗಿದಿರಿ. ನಾನು ನಿಮ್ಮನ್ನು ಮದುವೆಯಾದದ್ದು ಆ ಗಂಟಲು ಕೇಳಿ.

ಅಲ್ಲಿ ನನಗೆ ಹಿಡಿಸಿದ್ದು ಒಂದೇ ಕಲ್ಲು, ಅಲೆಮಾರಿ ಜನರ ರಾಣಿ ಅಂತ ಹೆಸರಾದ ಹೆಂಗಸಿನದು. ಹಿಂದೆ ಅದರಲ್ಲಿದ್ದ ಕಂಚಿನ ಮುಖವನ್ನು ಯಾರೋ ಕದ್ದಿದ್ದರಂತೆ. ಮಕ್ಕಳನ್ನು ಬಹಳ ಹಚ್ಚಿಕೊಂಡವಳು, ಬಡವರಿಗೆ ಕೊಟ್ಟವಳು, ಎಲ್ಲಿ ಡೇರೆ ಹಾಕಿದರೂ ಅಲ್ಲಿಯ ಜನ ಪ್ರೀತಿಸಿದರು ಎಂಬ ಅರ್ಥದಲ್ಲಿ ಬರೆದಿದೆ. ನನಗೆ ಅತ್ತೆ ಕಣ್ಣ ಮುಂದೆ ಬಂದರು. ಒಂದು ಇಂಗ್ಲಿಷ್ ಅಕ್ಷರ ಬಾರದೆ, ಪಕ್ಕದ ಮನೆಯ ಪೋಲೆಂಡ್ ಹೆಂಗಸಿಗೆ ಬೇಲಿ ಮೇಲಿಂದ ಶೇಂಗಾ ಚಟ್ನಿಪುಡಿ ದಾಟಿಸಿ, ಆಕೆಗೆ ಬೇಸರವಾಗದಿರಲಿ ಅಂತ ಆಕೆ ಕೊಟ್ಟ ಬೀಟ್‌ರೂಟನ್ನು ಮುಖ ಹಿಂಡುತ್ತಲೇ ತಿಂದವರು. ಆ ಕಲ್ಲಿನ ಮುಂದೆಯೇ ನಾನು ಬಾಯಿ ತೆರೆಯಬೇಕು ಅಂದುಕೊಂಡೆ. ಅಷ್ಟರಲ್ಲಿ ನಾಯಿ ಹಿಡಿದ ಮುದುಕಿಯೊಬ್ಬಳು ಬಂದು, ಡಾಕ್ಟರ್, ಈ ವಾರ ಜೊತೆಗೆ ಯಾರೋ ಇದ್ದಾರಲ್ಲ ಅಂದಳು. ಇವರು ಲಂಡನ್ನಿನಿಂದ ಬಂದಿದ್ದಾರೆ ಅಂತ ನನ್ನ ಪರಿಚಯ ಹೇಳಿದಿರಿ. ಅಷ್ಟೇ ಹೇಳಿದಿರಿ.

ಆಗ ಗೊತ್ತಾಯಿತು, ಅಲ್ಲಿಗೆ ನೀವು ವಾರವಾರವೂ ಬರುತ್ತೀರಿ. ಫ್ಲಾಸ್ಕಿನಲ್ಲಿ ಚಹಾ ತರುತ್ತೀರಿ. ಜಿಂಕೆ ಎಲ್ಲಿ ಮೇಯುತ್ತದೆ ಅಂತಲೂ ಗೊತ್ತು ನಿಮಗೆ.

ಇಳಿಯುವಾಗ ಇಳಿಜಾರಿನ ಬರೀ ಹುಲ್ಲು ತೋರಿಸಿ, ಇಲ್ಲಿ ಯಾರೂ ಇಲ್ಲವೇ ಅಂತ ಕೇಳಿದೆ. "ಬಾಳ ಮಂದಿ ಅದಾರ. ಕಲ್ಲ ಇದ್ದವರಕಿಂತ ಹತ್ತ ಪಟ್ಟ ಹೆಚ್ಚ. ಬಡವರು" ಅಂದಿರಿ. ಪಕ್ಕದ ಬಿಯರ್ ಕಾರ್ಖಾನೆಯಿಂದ ಬೇಯಿಸಿದ ಕಾಳಿನ ವಾಸನೆ ಬರುತ್ತಿತ್ತು, ನಮ್ಮ ಮನೆಯ ಅಂಬಲಿಯ ಹಾಗೆ. ಅಲ್ಲಿ ನಿಂತು ಕೇಳಿಯೇಬಿಟ್ಟೆ, ಅವ್ವನ್ನ ಏನ್ ಮಾಡೂದು ಅಂತ. ನೀವು ಫ್ಲಾಸ್ಕಿನ ಮುಚ್ಚಳ ತಿರುಗಿಸಿ ಬಿಗಿ ಮಾಡಿದಿರಿ.

"ಸುಟ್ರ ಒಂದ ದಿನದಾಗ ಮುಗೀತದ, ಕಲ್ಯಾಣಿ. ಮಣ್ಣ ಮಾಡಿದ್ರ ಬರಬೇಕಾಗ್ತದ."

ರೈಲಿಗೆ ಹೊತ್ತಾಗಿತ್ತು. ಆಗ ಸ್ಟೇಶನ್ನಿಗೆ ಓಡಿದೆ. ಉತ್ತರ ಈಗ ಕೊಡುತ್ತೇನೆ.

ಸತ್ತವರ ಹತ್ತಿರ ಬರುವುದು ನಿಮಗೆ ಕಷ್ಟವಲ್ಲ. ಯಾರದೋ ಅಜ್ಜಂದಿರ ಗೋರಿಗಳಿಗೆ ಮಳೆ ಚಳಿ ಅನ್ನದೆ ಬರುತ್ತೀರಿ. ಅವರು ಏನೂ ಕೇಳುವುದಿಲ್ಲ, ಯಾಕೆ ತಡ ಅನ್ನುವುದಿಲ್ಲ, ಊಟ ಮಾಡಿದೆಯಾ ಅನ್ನುವುದಿಲ್ಲ. ಹೇಸ್‌ಗೆ ಬಂದರೆ ಬಾಗಿಲಲ್ಲಿ ನಾನಿರುತ್ತೇನೆ, ಅದು ಕಷ್ಟ. ಹಾಗಿದ್ದರೆ ಕೇಳಿ, ನಿಮಗೆ ಬಿಡುಗಡೆ ಕೊಡುತ್ತೇನೆ. ನೀವು ಬರಬೇಡಿ. ಮಣ್ಣಿಗೂ ಬರಬೇಡಿ, ವರ್ಷಕ್ಕೂ ಬರಬೇಡಿ. ಹೂವು ಇಡುವುದು, ಹುಲ್ಲು ಕೀಳುವುದು, ಕಲ್ಲು ತೊಳೆಯುವುದು ನನ್ನ ಪಾಲಿಗಿರಲಿ. ಬಸ್ಸಿನಲ್ಲಿ ಹೋಗುವಷ್ಟು ಹತ್ತಿರದಲ್ಲಿ ಕೌನ್ಸಿಲ್ ಸ್ಮಶಾನವಿದೆ, ಜಾಗವಿದೆ ಅಂದಿದ್ದಾರೆ. ನೀವು ಮಾಡಬೇಕಾದದ್ದು ಒಂದು ಫೋನು. ಗುರುವಾರದೊಳಗೆ ಮಾಡಿ.

ಇನ್ನು ನನ್ನ ಸಮಾಚಾರ. ಚೆನ್ನಾಗಿದ್ದೇನೆ. ಕಾರ್ಗೋ ಆಫೀಸಿನಲ್ಲಿ ಈ ವಾರ ರಜೆ ಕೊಟ್ಟಿದ್ದಾರೆ, ಕೊಡದಿದ್ದರೆ ಒಳ್ಳೆಯದಿತ್ತು. ಅತ್ತೆಯ ಗಾಳಿ ಹಾಸಿಗೆಯನ್ನು ಒಯ್ಯಲು ಆಸ್ಪತ್ರೆಯವರು ಬರಬೇಕು. ಅದರ ಪಂಪು ಇನ್ನೂ ಗುಂಯ್ ಅನ್ನುತ್ತಿದೆ. ಆರಿಸಬಹುದು, ಸ್ವಿಚ್ಚು ಕೈಗೆ ಸಿಗುವ ಹಾಗೇ ಇದೆ. ಆರಿಸಿಲ್ಲ.

ನಿಮ್ಮ ಅವ್ವನ ಸೊಸೆ,
ಕಲ್ಯಾಣಿ

*

ಹೇಸ್
ಸೋಮವಾರ, ೨೪ ಮಾರ್ಚ್

ರುದ್ರೇಶ ಅವರಿಗೆ,

ಅತ್ತೆಯ ಮಣ್ಣು ಆಯಿತು. ಸೋಮವಾರವೇ ಸಿಕ್ಕಿತು, ಅವರು ನಡೆಸಿಕೊಂಡು ಬಂದ ಶಿವನ ವಾರ.

ಗುರುವಾರ ಆಫೀಸಿನ ಹೆಂಗಸು ಫೋನು ಮಾಡಿ, ನಿಮ್ಮ ಯಜಮಾನರು ಮಾತಾಡಿದರು, ಹೂಳಲು ಒಪ್ಪಿಗೆ ಕೊಟ್ಟರು ಅಂದಳು. ಬೇರೆ ಏನಾದರೂ ಹೇಳಿದರೇ ಅಂತ ಕೇಳಿದೆ. ತಾವು ಬರುವುದಿಲ್ಲ, ಹಾಗೆ ಇಬ್ಬರೂ ಮಾತಾಡಿಕೊಂಡಿದ್ದೇವೆ ಅಂದರು ಅಂದಳು. ನಾನು ಕೊಟ್ಟ ಮಾತನ್ನು ನೀವು ಅಷ್ಟು ಚೊಕ್ಕಟವಾಗಿ ತೆಗೆದುಕೊಳ್ಳುತ್ತೀರಿ ಅಂದುಕೊಂಡಿರಲಿಲ್ಲ. ಆದರೂ ಸುಡಲಿಲ್ಲವಲ್ಲ. ಅದಕ್ಕೆ ನಿಮಗೆ ಶರಣು. ಇದರಲ್ಲಿ ವ್ಯಂಗ್ಯವಿಲ್ಲ.

ಬೆಳಿಗ್ಗೆ ನಾನೇ ಹೋಗಿ ಮೈ ಒರೆಸಿ, ಇಳಕಲ್ ಸೀರೆ ಉಡಿಸಿದೆ. ವಿಧಿ ಮಾಡಿಸುವ ಅಯ್ಯನವರನ್ನು ಹುಡುಕಲಿಲ್ಲ. ಹಣೆಗೆ, ತೋಳಿಗೆ, ಎದೆಗೆ ನಾನೇ ವಿಭೂತಿ ಹಚ್ಚಿದೆ. ಲಿಂಗವನ್ನು ಎಡಗೈಯಲ್ಲಿ ಇಟ್ಟು ಬೆರಳು ಮಡಚಲು ನೋಡಿದರೆ ಮಡಚಲಿಲ್ಲ. ಸೀರೆಯ ಸೆರಗಿನಿಂದ ಸುತ್ತಿ ಕಟ್ಟಿದೆ. ಆಫೀಸಿನ ಹುಡುಗಿ ಇದೇನು ಅಂತ ಕೇಳಿದಳು. ಅವರ ದೇವರು, ಜೀವಮಾನವಿಡೀ ಕೊರಳಲ್ಲಿತ್ತು, ಈಗ ಕೈಗೆ ಬಂದಿದೆ ಅಂದೆ. ಆಕೆ ಕೈಗವಸು ತೆಗೆದು ತಾನೂ ಗಂಟು ಬಿಗಿ ಮಾಡಿದಳು.

ಪೋಲೆಂಡಿನವಳು ಬಂದಿದ್ದಳು. ಶೇಖರಪ್ಪನವರೂ ಬಂದರು, ಹೆಂಡತಿಯನ್ನು ಕರೆದುಕೊಂಡು. ಮಣ್ಣು ಹಾಕಿದ ಮೇಲೆ ನನ್ನ ಪಕ್ಕ ನಿಂತು, "ಅಕ್ಕಾರ, ನನಗೂ ಹಿಂಗ ಆಗಬೇಕಂತ ಮಗಗ ಹೇಳಿದೆ. ಗೋರಿ ನೋಡಾಕ ಯಾಂವ ಬರತಾನ ಅಂದ" ಅಂತ ಹೇಳಿ, ಮುಖ ಆಚೆ ತಿರುಗಿಸಿದರು. ನಾ ಹೆಂಗೂ ಬರತೀನಲ್ರೀ, ನಿಮ್ಮದೂ ನೋಡತೀನಿ ಅಂದೆ.

ನಮ್ಮ ಕಡೆ ಹೆಂಗಸರು ಗುಂಡಿಯ ತನಕ ಬರುವುದಿಲ್ಲ. ನಾನು ಬಗ್ಗಿ ಮೊದಲ ಹಿಡಿ ಹಾಕಿದೆ. ಇಲ್ಲಿಯ ಮಣ್ಣು ಹಳದಿ, ಅಂಟು ಅಂಟು. ನಮ್ಮ ಎರೆಮಣ್ಣಿನ ಹಾಗೆ ಉದುರುವುದಿಲ್ಲ, ಮುದ್ದೆಯಾಗಿ ಬೀಳುತ್ತದೆ, ಸದ್ದಾಗುತ್ತದೆ. ಮೇಲೆ ವಿಮಾನಗಳು ಒಂದರ ಹಿಂದೆ ಒಂದು ಇಳಿಯುತ್ತಿದ್ದವು. ಒಂದರ ಸದ್ದು ಮುಗಿಯುವ ತನಕ ಕಾಯಬೇಕು, ಆಮೇಲೆ ಮಾತಾಡಬೇಕು. ಎಲ್ಲರೂ ಹೋದ ಮೇಲೆ ಒಂದಷ್ಟು ಹೊತ್ತು ನಿಂತಿದ್ದು, ಬಸ್ಸು ಹಿಡಿದು ಮನೆಗೆ ಬಂದೆ.

ಕಲ್ಲು ನಿಲ್ಲಿಸಲು ನೆಲ ಕೂರಬೇಕಂತೆ, ಕೆಲವು ತಿಂಗಳು ಬೇಕು. ಅದರ ಮೇಲೆ ಕನ್ನಡದಲ್ಲಿ ಹೆಸರು ಬರೆಸುತ್ತೇನೆ. ಚಂದ್ರವ್ವ, ಅಷ್ಟೇ. ಯಾರ ಹೆಂಡತಿ, ಯಾರ ತಾಯಿ ಅಂತ ಬರೆಸುವುದಿಲ್ಲ. ನಿಮಗೆ ಬೇಸರವಾದರೆ ಆಗಲಿ.

ಕೋಟಿಗೆ ಗುಂಡಿ ಹಚ್ಚಿಸಿಕೊಳ್ಳಿ. ಅಲ್ಲಿ ಇನ್ನೂ ಚಳಿ.

ಕಲ್ಯಾಣಿ

ತಾ.ಕ.: ಇಲ್ಲಿ ಗುಂಡಿಯನ್ನು ಇಬ್ಬರಿಗೆ ಆಗುವಷ್ಟು ಆಳ ತೋಡುತ್ತಾರೆ, ಕೆಳಗೆ ಒಬ್ಬರು, ಮೇಲೆ ಇನ್ನೊಬ್ಬರು. ಮೇಲಿನ ಜಾಗ ಯಾರಿಗೆ ಅಂತ ಕೌನ್ಸಿಲ್‌ನವಳು ಫೋನಿನಲ್ಲಿ ಕೇಳಿದಳು. ಮಗನಿಗೇ ಅಲ್ಲವೇ, ಹೆಸರು ಹೇಳಿ ಅಂದಳು. ನಾನು ನನ್ನ ಹೆಸರು ಹೇಳಿದೆ. ನಿಮಗೆ ಆ ಜಾಗ ಬೇಕಿದ್ದರೆ ನಾನು ಬದುಕಿರುವಾಗಲೇ ಬಂದು ಕೇಳಿ. ಕೂತು ಜಗಳಾಡೋಣ.